ಅರವತ್ತೊಂದನೇ ಮಗು: ಮನೆ ಪಕ್ಕದ ಸರ್ಕಾರಿ ಶಾಲೆಯನ್ನು ತೂಗಿ ನೋಡಿದ ಒಂದು ಕುಟುಂಬ

ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ ಬೆಂಗಳೂರು ನುಂಗಿಕೊಂಡ ಹಳ್ಳಿಗಳು ಹಲವಾರು. ಅವುಗಳಲ್ಲಿ ಒಂದು ಈಗ ಬಡಾವಣೆಯ ಹೆಸರಾಗಿ ಮಾತ್ರ ಉಳಿದಿದೆ. ಊರಿನ ಕುರುಹುಗಳೆಂದರೆ ಒಂದು ಮಾರಮ್ಮನ ಗುಡಿ, ಅದರ ಮುಂದೆ ಅರಳಿಕಟ್ಟೆ, ಕಟ್ಟೆಗೆ ಬೆನ್ನು ಹಾಕಿ ನಿಂತ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಆ ಶಾಲೆಗೆ ಮಗಳನ್ನು ಸೇರಿಸಬೇಕೇ ಬೇಡವೇ ಎಂದು ಒಂದು ಕುಟುಂಬ ನಾಲ್ಕು ತಿಂಗಳು ಯೋಚಿಸಿತು, ಕೊನೆಗೆ ಸೇರಿಸಿತು, ಸೇರಿಸಿದ ಮೇಲೂ ಒಂದೂವರೆ ವರ್ಷ ಯೋಚಿಸುತ್ತಲೇ ಇತ್ತು. ಸರ್ಕಾರಿ ಶಾಲೆಗಳ ಎಸ್‌ಡಿಎಂಸಿಗಳ ಜೊತೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಜೊತೆ, ಓಡಾಡುವ ಕೆಲಸ ನನ್ನದು. ಹಾಗಾಗಿ ಈ ಯೋಚನೆಯ ಬಹುಭಾಗವನ್ನು ಹತ್ತಿರದಿಂದ ನೋಡಿದೆ. ಎರಡು ಸಲ ಅಡ್ಡಬಾಯಿ ಹಾಕಿದ್ದೂ ಉಂಟು.

ಕುಟುಂಬದ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಊರು, ಉದ್ಯೋಗ, ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಮಕ್ಕಳ ಸಂಖ್ಯೆಯನ್ನು ಮಾತ್ರ ಮುಟ್ಟಿಲ್ಲ, ಏಕೆಂದರೆ ಈ ಪ್ರಕರಣ ನಿಂತಿರುವುದೇ ಅದರ ಮೇಲೆ.

ಹಿನ್ನೆಲೆ

ತಂದೆ ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರು. ತುಮಕೂರು ಜಿಲ್ಲೆಯ ಹಳ್ಳಿಯಲ್ಲಿ, ಸರ್ಕಾರಿ ಶಾಲೆಯಲ್ಲಿಯೇ ಓದಿದವರು. ತಾಯಿಗೆ ಔಷಧದ ಅಂಗಡಿಯಲ್ಲಿ ಅರ್ಧ ದಿನದ ಕೆಲಸ. ಮನೆಯಲ್ಲಿ ಅಜ್ಜಿ ಇದ್ದಾರೆ. ಒಬ್ಬಳೇ ಮಗಳು, 2024ರ ಬೇಸಿಗೆಗೆ ಆರು ತುಂಬಿದವಳು, ಎರಡು ಬೀದಿ ಆಚೆಯ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಯುಕೆಜಿ ಮುಗಿಸುತ್ತಿದ್ದಳು. ಆ ವರ್ಷ ಫೆಬ್ರವರಿಯಲ್ಲಿ ಶಾಲೆಯಿಂದ ಚೀಟಿ ಬಂತು: ಒಂದನೇ ತರಗತಿಯ ಶುಲ್ಕ 72,000 ರೂಪಾಯಿ; ಪುಸ್ತಕ, ಸಮವಸ್ತ್ರ, ವ್ಯಾನು ಬೇರೆ. ತಂದೆಯ ಎರಡು ತಿಂಗಳ ಸಂಬಳಕ್ಕಿಂತ ಅದು ಹೆಚ್ಚು.

ಮೊದಲು ಹೊಳೆದದ್ದು ಆರ್‌ಟಿಇ ಸೀಟು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಖಾಸಗಿ ಶಾಲೆಗಳು ಆರಂಭದ ತರಗತಿಯ ಶೇಕಡ 25 ಸೀಟುಗಳನ್ನು ದುರ್ಬಲ ಮತ್ತು ಅವಕಾಶವಂಚಿತ ಮಕ್ಕಳಿಗೆ ಬಿಡಬೇಕು. ಆದರೆ ಕರ್ನಾಟಕ ತನ್ನ ನಿಯಮವನ್ನು ತಿದ್ದಿದ ಮೇಲೆ, 2019–20ರಿಂದ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವ ಕಡೆ ಖಾಸಗಿ ಶಾಲೆಗಳಿಗೆ ಈ ಹೊಣೆ ಇಲ್ಲ. ಅರಳಿಕಟ್ಟೆಯ ಪಕ್ಕದ ಶಾಲೆ ಅಲ್ಲಿ ನಿಂತಿದೆ ಎಂಬ ಕಾರಣಕ್ಕೇ ಖಾಸಗಿ ಶಾಲೆಯ ಉಚಿತ ಬಾಗಿಲು ಮುಚ್ಚಿತ್ತು. ಅಷ್ಟು ವರ್ಷ ಅದರ ಮುಂದೆಯೇ ತರಕಾರಿಗೆ ಹೋಗಿ ಬಂದಿದ್ದ ತಾಯಿ ಅವತ್ತು ಮೊದಲ ಬಾರಿಗೆ ಅದರ ಗೇಟಿನ ಒಳಗೆ ಕಣ್ಣು ಹಾಯಿಸಿದರು.

ಯಾರನ್ನು ಕೇಳುವುದು?

ಬೀದಿಯಲ್ಲಿ ಆ ಶಾಲೆಯ ಬಗ್ಗೆ ಎಲ್ಲರಿಗೂ ಖಚಿತ ಅಭಿಪ್ರಾಯವಿತ್ತು. ಯಾರ ಮಗುವೂ ಅಲ್ಲಿ ಓದುತ್ತಿರಲಿಲ್ಲ. ಮೇಲಿನ ಮನೆಯವರು “ಅಲ್ಲಿ ಪಾಠವೇ ಆಗುವುದಿಲ್ಲ” ಎಂದರು. ಎದುರು ಮನೆಯ ನಿವೃತ್ತರು “ಸರ್ಕಾರಿ ಶಾಲೆಯ ಮೇಷ್ಟರುಗಳಿಗೆ ಇರುವ ತರಬೇತಿ ಖಾಸಗಿಯವರಿಗೆ ಎಲ್ಲಿಂದ ಬರಬೇಕು” ಎಂದು ವಾದಿಸಿದರು; ಅವರ ಮೊಮ್ಮಕ್ಕಳು ಮಾತ್ರ ಅಂತರರಾಷ್ಟ್ರೀಯ ಶಾಲೆಯ ಹಳದಿ ಬಸ್ಸು ಹತ್ತುತ್ತಿದ್ದರು.

ತಂದೆ ಮೊಬೈಲ್‌ನಲ್ಲಿ ಯುಡೈಸ್ ವರದಿ, ಅಂದರೆ ಶಾಲೆಗಳ ಸರ್ಕಾರಿ ಮಾಹಿತಿ ಕೋಶದ ವರದಿ, ತೆಗೆದರು. ಪ್ರತಿ ಶಾಲೆಗೂ 11 ಅಂಕಿಗಳ ಸಂಕೇತ ಸಂಖ್ಯೆ ಇದೆ, ಅದನ್ನು ಹಾಕಿದರೆ ಶಾಲೆಯ ಜಾತಕ ಬರುತ್ತದೆ. ಮಕ್ಕಳು 57. ಕಾಯಂ ಶಿಕ್ಷಕರು 2. ಕೊಠಡಿಗಳು 3. ಹುಡುಗಿಯರ ಶೌಚಾಲಯ: ಇದೆ. ಕುಡಿಯುವ ನೀರು: ಇದೆ. ಗ್ರಂಥಾಲಯ: ಇದೆ. ಈ “ಇದೆ”ಗಳನ್ನು ನೋಡಿ ತಂದೆಗೆ ಸಮಾಧಾನವಾಯಿತು. ಆಮೇಲೆ ಹೋಗಿ ನೋಡಿದಾಗ ಗ್ರಂಥಾಲಯ ಎಂದರೆ ಬೀಗ ಹಾಕಿದ ಒಂದು ಬೀರು. ಬೀಗದ ಕೈ ಮುಖ್ಯ ಶಿಕ್ಷಕಿಯ ಚೀಲದಲ್ಲಿ, ಮುಖ್ಯ ಶಿಕ್ಷಕಿ ಮೀಟಿಂಗಿನಲ್ಲಿ. ವರದಿ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಕೇಳಿದ ಪ್ರಶ್ನೆಯೇ ಅಷ್ಟು ಸಣ್ಣದು.

ಸರಿಯಾದ ವ್ಯಕ್ತಿಯನ್ನು ಕೇಳಿದವರು ತಾಯಿ, ಅದೂ ಅಕಸ್ಮಾತ್ತಾಗಿ. ಗುಡಿಯ ಮುಂದೆ ಹೂ ಮಾರುವಾಕೆಯ ಇಬ್ಬರು ಮಕ್ಕಳು ಅದೇ ಶಾಲೆಯಲ್ಲಿ ಇದ್ದರು, ಒಬ್ಬಳು ಎರಡನೇ ತರಗತಿ, ಒಬ್ಬ ಐದನೇ ತರಗತಿ. ಇಷ್ಟು ಹತ್ತಿರ ಇದ್ದ ಆಕೆಯನ್ನು ಬೀದಿಯವರು ಯಾರೂ ಕೇಳಿರಲಿಲ್ಲ. ಆಕೆ ಹೇಳಿದ್ದನ್ನು ತಾಯಿ ನನಗೆ ಹಾಗೆಯೇ ಒಪ್ಪಿಸಿದರು: “ಚಿಕ್ಕವರ ಮಿಸ್ ಒಂದು ದಿನವೂ ತಪ್ಪಿಸುವುದಿಲ್ಲ, ಮಗಳು ಓದುತ್ತಾಳೆ. ದೊಡ್ಡ ಮಿಸ್ ಒಳ್ಳೆಯವರೇ, ಆದರೆ ವಾರದಲ್ಲಿ ಎರಡು ದಿನ ಆಫೀಸಿಗೆ ಕರೆಯುತ್ತಾರೆ, ಆ ದಿನ ಮಗ ಆಡಿಕೊಂಡು ಬರುತ್ತಾನೆ.” ಆ ಶಾಲೆಯ ಬಗ್ಗೆ ನಾನು ಕೇಳಿದ ಅತ್ಯುತ್ತಮ ಮೌಲ್ಯಮಾಪನ ಇದು. ಇಲಾಖೆಯ ತಪಾಸಣಾ ವರದಿಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಗರಗಸ

ತಂದೆ ಮಾರ್ಚ್ ಮೊದಲ ವಾರ ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋದರು. ಹೋದವರು ಕಂಡದ್ದು ಇದು: ಒಂದರಿಂದ ಮೂರನೇ ತರಗತಿಯ 33 ಮಕ್ಕಳು ಒಂದೇ ಕೊಠಡಿಯಲ್ಲಿ, ನೆಲದ ಮೇಲೆ, ಗುಂಪು ಗುಂಪಾಗಿ ಕುಳಿತಿದ್ದಾರೆ. ತಲೆಯ ಮೇಲೆ ದಾರ ಕಟ್ಟಿ ಚಿತ್ರ ನೇತುಹಾಕಿದ್ದಾರೆ. ಮಕ್ಕಳ ಮೊಣಕಾಲಿನ ಎತ್ತರಕ್ಕೆ ಗೋಡೆಯ ಉದ್ದಕ್ಕೂ ಕಪ್ಪು ಬಳಿದಿದ್ದಾರೆ. ಶಿಕ್ಷಕಿಯೂ ನೆಲದ ಮೇಲೆಯೇ. ಗದ್ದಲವೋ ಗದ್ದಲ. ಅವರ ಕಣ್ಣಿಗೆ ಅದು ಶಾಲೆಯಂತೆ ಕಾಣಲಿಲ್ಲ, ಅಂಗನವಾಡಿಯಂತೆ ಕಂಡಿತು.

ಇದು ನಲಿಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, 2009–10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದ ಪದ್ಧತಿ. ಇಲ್ಲಿ ಪಾಠವೆಂದರೆ ಕಾರ್ಡುಗಳ ಸಾಲು, ಪ್ರಗತಿಯೆಂದರೆ ಕಲಿಕಾ ಏಣಿಯ ಮೆಟ್ಟಿಲು. ಮಗು ತನ್ನ ಮೆಟ್ಟಿಲಿಗೆ ತಕ್ಕ ತಟ್ಟೆಗೆ, ಅಂದರೆ ಗುಂಪಿಗೆ, ಹೋಗಿ ಕೂರುತ್ತದೆ. ಒಂದು ತಟ್ಟೆಯಲ್ಲಿ ಶಿಕ್ಷಕಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಜೊತೆಯ ಮಕ್ಕಳೇ ಕಲಿಸುತ್ತಾರೆ, ಮತ್ತೊಂದರಲ್ಲಿ ಮಗು ತಾನೇ ಕಲಿಯಬೇಕು. ಮೂರು ದಿನ ಜ್ವರ ಬಂದು ಮಲಗಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುತ್ತದೆ. ಕೂಲಿಗಾಗಿ ಊರೂರು ಅಲೆಯುವವರ ಮಕ್ಕಳು ತುಂಬಿರುವ ಬೆಂಗಳೂರಿನ ಶಾಲೆಗೆ ಇದಕ್ಕಿಂತ ತಕ್ಕ ಉಪಾಯ ನನಗಂತೂ ಹೊಳೆದಿಲ್ಲ. ಆದರೆ ಒಬ್ಬ ಸಮರ್ಥ ಶಿಕ್ಷಕಿ ಇಲ್ಲದಿದ್ದರೆ ಇದೇ ಪದ್ಧತಿ ಶುದ್ಧ ಗದ್ದಲವಾಗಿ ಬಿಡುತ್ತದೆ ಎಂಬುದನ್ನೂ ನೋಡಿದ್ದೇನೆ.

ತಂದೆ ಹತ್ತಿರ ಇದ್ದ ಒಂದು ಹುಡುಗಿಯನ್ನು ಕರೆದು “ಅ ಆ ಇ ಈ ಹೇಳಮ್ಮ” ಎಂದರು. ಹುಡುಗಿ ಸುಮ್ಮನೆ ನಿಂತಳು. “ಯಾವ ಕ್ಲಾಸು?” “ಒಂದು.” ಮಾರ್ಚ್ ತಿಂಗಳು, ಒಂದನೇ ತರಗತಿ, ವರ್ಣಮಾಲೆ ಬರುವುದಿಲ್ಲ. ಅವರ ಮಟ್ಟಿಗೆ ವಿಚಾರಣೆ ಮುಗಿದಿತ್ತು. ಹೊರಡಲು ಎದ್ದರು.

ಶಿಕ್ಷಕಿ ಕೂತಲ್ಲಿಂದಲೇ, “ಸರ್, ಅವಳಿಗೆ ಬರೆಯಲು ಹೇಳಿ” ಎಂದರು. ಹುಡುಗಿ ಗೋಡೆಯ ಕಪ್ಪುಪಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬರೆದಳು: ಸರ. ಅರಸ. ಗರಗಸ. ಆಮೇಲೆ ತಿರುಗಿ ನೋಡಿ, ಇನ್ನೊಂದು ಬರೆದಳು: ಮರ. ನಲಿಕಲಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಮೊದಲು ಬರುತ್ತವೆ, ಏಕೆಂದರೆ ಆ ಐದರಿಂದಲೇ ಮಗು ಪದ ಕಟ್ಟಬಹುದು. ಹುಡುಗಿಯ ತಂದೆತಾಯಿ ಯಾದಗಿರಿ ಕಡೆಯವರು, ಕಟ್ಟಡದ ಕೆಲಸಕ್ಕೆ ಬಂದವರು. ಅವಳು ಶಾಲೆ ಸೇರಿದ್ದೇ ದೀಪಾವಳಿ ಕಳೆದ ಮೇಲೆ. ಶಾಲೆಯ ಅತ್ಯಂತ ಹಿಂದಿನ ಮಗುವನ್ನೇ ತಂದೆ ಅರಿಯದೆ ಆರಿಸಿಕೊಂಡಿದ್ದರು, ಆ ಮಗು ನಾಲ್ಕು ತಿಂಗಳಿನಲ್ಲಿ ಬರೆಯಲು ಕಲಿತಿತ್ತು.

ಅವರು ಮನೆಗೆ ಬಂದು ಇದನ್ನು ಹೇಳಿದರಂತೆ, ಆದರೆ ಒಪ್ಪಿಕೊಂಡಂತೆ ಹೇಳಲಿಲ್ಲ. “ಗರಗಸ ಬರೆಯುತ್ತಾಳೆ, ಸರಿ. ಇಂಗ್ಲಿಷ್?”

ಒಂದೇ ಸೂರಿನಡಿ ಎರಡು ಶಾಲೆ

ತಾಯಿ ಹೋದದ್ದು ಒಂದು ಶನಿವಾರ ಬೆಳಗ್ಗೆ, ಹೂವಿನಾಕೆಯ ಮಾತನ್ನು ತಲೆಯಲ್ಲಿಟ್ಟುಕೊಂಡು. ಮುಖ್ಯ ಶಿಕ್ಷಕಿಯ ಅನುಮತಿ ಕೇಳಿ ಎರಡು ಗಂಟೆ ಮೂಲೆಯಲ್ಲಿ ಕೂತರು. ನನ್ನ ಸಲಹೆಯಂತೆ ಎರಡನೇ ತರಗತಿಯ ಮಟ್ಟದ ಹತ್ತು ಸಾಲಿನ ಒಂದು ಕಥೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಒಯ್ದಿದ್ದರು. ಮೂರನೇ ತರಗತಿಯ ಐದು ಮಕ್ಕಳಿಗೆ ಕೊಟ್ಟರು. ಮೂವರು ನಿರರ್ಗಳವಾಗಿ ಓದಿದರು, ಒಬ್ಬ ಒತ್ತಕ್ಷರ ಬಂದಲ್ಲೆಲ್ಲ ಎಡವಿದ, ಒಬ್ಬನಿಗೆ ಆಗಲಿಲ್ಲ. ಅದೇ ಹಾಳೆಯನ್ನು ಐದನೇ ತರಗತಿಯ ಐವರಿಗೆ ಕೊಟ್ಟಾಗ ಓದಿದವರು ಇಬ್ಬರೇ.

ದೊಡ್ಡ ಮಕ್ಕಳಿಗಿಂತ ಚಿಕ್ಕವರು ಚೆನ್ನಾಗಿ ಓದುತ್ತಾರೆ ಎಂದರೆ ಏನು ಅರ್ಥ? ಐದು ಮಕ್ಕಳ ಪರೀಕ್ಷೆಯಿಂದ ಶಾಲೆಯನ್ನು ಅಳೆಯಬಾರದು ಎಂದು ನಾನೇ ಎಚ್ಚರಿಸಿದೆ. ಆದರೆ ಶಾಲೆಯ ಹಾಜರಾತಿ ನೋಡಿದಾಗ ಕಾರಣ ಎದುರಿಗೇ ಇತ್ತು. ನಾಲ್ಕು ಮತ್ತು ಐದನೇ ತರಗತಿ ಮುಖ್ಯ ಶಿಕ್ಷಕಿಯ ಪಾಲು. ಅವರೇ ಬಿಸಿಯೂಟದ ಲೆಕ್ಕ ಬರೆಯಬೇಕು, ಮಕ್ಕಳ ವಿವರವನ್ನು ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ಗೆ ತುಂಬಬೇಕು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಬೇಕು, ಮತಪಟ್ಟಿಯ ಕೆಲಸ ಬಂದರೆ ಮನೆ ಮನೆ ಸುತ್ತಬೇಕು. ಅದರ ಹಿಂದಿನ ತಿಂಗಳು 24 ಶಾಲಾ ದಿನಗಳಲ್ಲಿ ಒಂಬತ್ತು ದಿನ ಅವರು ಅರ್ಧ ಅಥವಾ ಇಡೀ ದಿನ ಹೊರಗಿದ್ದರು. ಒಂದು ದಿನವೂ ಸ್ವಂತ ಕೆಲಸಕ್ಕಲ್ಲ.

ಇದು ಕಾನೂನಿನ ಉಲ್ಲಂಘನೆಯೂ ಅಲ್ಲ. ಪ್ರತಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎಂದು ನಾವೆಲ್ಲ ಬಾಯಿಪಾಠ ಹೇಳುತ್ತೇವೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ಬಿಡಿಸಿ ನೋಡಿದರೆ ಒಂದರಿಂದ ಐದನೇ ತರಗತಿಗೆ ಹೀಗಿದೆ: 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ರ ತನಕ ಮೂವರು. ಐದು ತರಗತಿ, ಆರೇಳು ಬಗೆಯ ದಾಖಲೆ, 57 ಮಕ್ಕಳು, ಇಬ್ಬರು ಶಿಕ್ಷಕಿಯರು: ಕಾಗದದ ಮೇಲೆ ಕೊರತೆಯೇ ಇಲ್ಲ.

ತಾಯಿ ಅವತ್ತು ಬಂದು ಹೇಳಿದ ಮಾತಿನಿಂದ ಇಡೀ ಚರ್ಚೆಯ ದಿಕ್ಕು ಬದಲಾಯಿತು. “ಅದು ಎರಡು ಶಾಲೆ. ಒಂದು ಚೆನ್ನಾಗಿದೆ, ಒಂದು ಚೆನ್ನಾಗಿಲ್ಲ. ನಾವು ಮೊದಲನೆಯದಕ್ಕೆ ಮಾತ್ರ ಸೇರಿಸೋಣ.” ಅಂದರೆ ಮೂರು ವರ್ಷಕ್ಕೆ ಮಾತ್ರ. ಅಲ್ಲಿಯವರೆಗೆ ಗಂಡ ಹೆಂಡತಿ ಇಬ್ಬರೂ ಮಗಳ ಹತ್ತನೇ ತರಗತಿಯ ತನಕದ ಭವಿಷ್ಯವನ್ನು ಒಂದೇ ಸಲಕ್ಕೆ ನಿರ್ಧರಿಸಲು ಹೊರಟಿದ್ದರು, ಭಾರ ತಡೆಯದೆ ಕೂತಿದ್ದರು.

“ಪರಿಸರ” ಎಂಬ ಮಾತು

ತೂಕದಲ್ಲಿ ಎಲ್ಲಕ್ಕಿಂತ ಭಾರವಾಗಿದ್ದ ಸಂಗತಿಯನ್ನು ಮಾತ್ರ ಯಾರೂ ಹೆಸರಿಟ್ಟು ಕರೆಯಲಿಲ್ಲ. ಅಜ್ಜಿ “ಅಲ್ಲಿಯ ಪರಿಸರ ನಮಗೆ ಹೊಂದುವುದಿಲ್ಲ” ಎಂದರು. ತಂದೆಯೂ ಒಂದೆರಡು ಸಲ ಅದೇ ಪದ ಬಳಸಿದರು. ಬೆಂಗಳೂರಿನ ಬಾಡಿಗೆ ಮನೆಯ ವ್ಯವಹಾರದಲ್ಲಿ, ಮದುವೆಯ ಮಾತುಕತೆಯಲ್ಲಿ, ಶಾಲೆಯ ಆಯ್ಕೆಯಲ್ಲಿ ಈ “ಪರಿಸರ”ಕ್ಕೆ ಮರಗಿಡಗಳ ಸಂಬಂಧವಿಲ್ಲ. ಯಾವ ಜಾತಿಯವರ, ಯಾವ ಕೆಲಸದವರ ಮಕ್ಕಳ ಪಕ್ಕದಲ್ಲಿ ನಮ್ಮ ಮಗು ಕೂರುತ್ತದೆ ಎಂಬುದಕ್ಕೆ ಅದು ಮರ್ಯಾದಸ್ಥ ಹೆಸರು. ಶುಲ್ಕ ಕಟ್ಟುವುದರಲ್ಲಿ ಒಂದು ಪಾಲು ಕಲಿಕೆಗೆ, ಒಂದು ಪಾಲು ಈ ಪರಿಸರಕ್ಕೆ. ಎಷ್ಟು ಪಾಲು ಯಾವುದಕ್ಕೆ ಎಂದು ಯಾವ ಶಾಲೆಯೂ ರಸೀದಿಯಲ್ಲಿ ಬರೆಯುವುದಿಲ್ಲ.

ತಾಯಿ ಇದನ್ನು ವಾದ ಮಾಡಿ ಗೆಲ್ಲಲಿಲ್ಲ. ಅಜ್ಜಿಯ ಮಾತು ಬಿಸಿಯೂಟದ ಕಡೆ ಹೊರಳಿದಾಗ, ತಟ್ಟೆ ಲೋಟ ಮನೆಯಿಂದಲೇ ಕೊಟ್ಟು ಕಳಿಸುವುದಾಗಿ ಒಪ್ಪಿಕೊಂಡರು. ಆ ವರ್ಷ ಸೆಪ್ಟೆಂಬರ್‌ನಿಂದ ವಾರದ ಆರೂ ದಿನ ಮೊಟ್ಟೆ ಕೊಡುವ ಏರ್ಪಾಡು ಬಂದಾಗ, ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಎಂಬ ಆಯ್ಕೆ ಅಜ್ಜಿಯನ್ನು ಸಮಾಧಾನ ಪಡಿಸಿತು. ಮಗಳು ಮೊದಲ ವಾರವೇ ಮೊಟ್ಟೆ ತಿಂದಳು ಎಂಬುದು ಅಜ್ಜಿಗೆ ಇವತ್ತಿಗೂ ಗೊತ್ತಿಲ್ಲ. ಈ ಬರಹವನ್ನು ಅವರು ಓದುವುದಿಲ್ಲ ಎಂಬ ಭರವಸೆಯ ಮೇಲೆ ಬರೆದಿದ್ದೇನೆ.

ಇಂಗ್ಲಿಷಿನದು ಬೇರೆಯ ಗಾಯ. ತಂದೆ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಪಿಯುಸಿಯಲ್ಲಿ ವಿಜ್ಞಾನ. ಮೊದಲ ಮೂರು ತಿಂಗಳು ತರಗತಿಯಲ್ಲಿ ಬಾಯಿ ಬಿಡಲಿಲ್ಲ, ಎರಡನೇ ವರ್ಷ ನಪಾಸಾದರು. ಇದನ್ನು ಅವರು ನನ್ನ ಮುಂದೆ ಒಮ್ಮೆ ಮಾತ್ರ ಹೇಳಿದರು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನು ಸರ್ಕಾರ ಹೇರುವಂತಿಲ್ಲ, ಮಾಧ್ಯಮದ ಆಯ್ಕೆ ತಂದೆತಾಯಿಯದು ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2014ರ ಮೇ ತಿಂಗಳಿನಲ್ಲಿ ಹೇಳಿತು. ಆ ತೀರ್ಪನ್ನು ವಿರೋಧಿಸಿ ನಡೆದ ಸಭೆಗಳಲ್ಲಿ ನಾನೂ ಕೂತಿದ್ದೆ. ಈ ಮನುಷ್ಯನ ಎದುರು ಕೂತಾಗ ಸಭೆಯ ಭಾಷಣಗಳು ಯಾವುವೂ ನೆನಪಿಗೆ ಬರಲಿಲ್ಲ.

2019–20ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರು. ಅರಳಿಕಟ್ಟೆಯ ಶಾಲೆ ಆ ಪಟ್ಟಿಯಲ್ಲಿ ಇಲ್ಲ. ಅಂಥದೊಂದು ವಿಭಾಗವಿರುವ ಶಾಲೆ ಎರಡೂವರೆ ಕಿಲೋಮೀಟರ್ ದೂರದಲ್ಲಿ, ವರ್ತುಲ ರಸ್ತೆಯ ಆಚೆ ಇತ್ತು. ಆರು ವರ್ಷದ ಮಗುವನ್ನು ದಿನವೂ ಆ ರಸ್ತೆ ದಾಟಿಸುವವರು ಯಾರು? ಕೊನೆಗೆ ಒಪ್ಪಂದವಾದದ್ದು ಹೀಗೆ: ಮೂರನೇ ತರಗತಿ ಮುಗಿಯುವ ತನಕ ಇಲ್ಲಿ. ಉಳಿಯುವ ಹಣದಲ್ಲಿ ಒಂದು ಭಾಗ ಇಂಗ್ಲಿಷ್ ಮನೆಪಾಠಕ್ಕೆ. ಪ್ರತಿ ಡಿಸೆಂಬರ್‌ನಲ್ಲಿ ಮತ್ತೆ ಕೂತು ಮಾತಾಡುವುದು. ತಾಯಿಯ ಮಾತು ಕೇಳಿ ಹಿಂದಿನ ಬೀದಿಯ ಇನ್ನೊಂದು ಮನೆಯವರೂ ತಮ್ಮ ಇಬ್ಬರು ಮಕ್ಕಳನ್ನು ಸೇರಿಸಿದರು. 2024ರ ಜೂನ್‌ನಲ್ಲಿ ಶಾಲೆಯ ಹಾಜರಾತಿ ಪುಸ್ತಕದಲ್ಲಿ 59 ಹೆಸರುಗಳಿದ್ದವು.

ಮೊದಲ ವರ್ಷ

ಕನ್ನಡದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಸಲೀಸಾಗಿ ಬಂತು. ಅಂಗಡಿಗಳ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕೆಂಬ ಕಾನೂನು ಬಂದ ವರ್ಷ ಅದು. ಬೀದಿಯ ಅರ್ಧ ಬೋರ್ಡುಗಳು ಹೊಸದಾಗಿ ಬರೆಸಿಕೊಂಡಿದ್ದವು. ಅಪ್ಪನ ಸ್ಕೂಟರಿನ ಮುಂದೆ ನಿಂತು ಹುಡುಗಿ ಅವನ್ನೆಲ್ಲ ಕೂಗಿ ಓದುತ್ತಿದ್ದಳು, ತಪ್ಪು ಬರೆದವನ್ನೂ ತಪ್ಪಾಗಿಯೇ.

ಮನೆಪಾಠ ಮಾತ್ರ ಕೆಟ್ಟುಹೋಯಿತು. ತಿಂಗಳಿಗೆ 1,500 ರೂಪಾಯಿಗೆ ಸಿಕ್ಕ ಟ್ಯೂಷನ್‌ನಲ್ಲಿ ಬಂದದ್ದು ಬರೀ ಡಿಕ್ಟೇಶನ್, ಸ್ಪೆಲ್ಲಿಂಗ್ ತಪ್ಪಿಗೆ ಹತ್ತು ಸಲ ಬರೆಯುವ ಶಿಕ್ಷೆ. ನಲಿಕಲಿಯಲ್ಲಿ ತನ್ನ ಮೆಟ್ಟಿಲನ್ನು ತಾನೇ ಹತ್ತಿ ರೂಢಿಯಾಗಿದ್ದ ಮಗು ಎರಡು ತಿಂಗಳಿನಲ್ಲಿ ಇಂಗ್ಲಿಷ್ ಎಂದರೆ ಅಳತೊಡಗಿತು. ಬಿಡಿಸಿದರು. ಆಮೇಲೆ ತಾಯಿ ಸ್ಟೋರಿವೀವರ್ ಎಂಬ ಜಾಲತಾಣದಿಂದ ಉಚಿತ ಚಿತ್ರಕಥೆಗಳನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ತೆಗೆದು, ಒಂದೇ ಕಥೆಯನ್ನು ಎರಡು ಭಾಷೆಯಲ್ಲಿ ರಾತ್ರಿ ಓದಿಸುತ್ತಿದ್ದರು. ತಾಯಿಯ ಇಂಗ್ಲಿಷ್ ಉಚ್ಚಾರಣೆಯನ್ನು ಮಗಳು ತಿದ್ದಲು ಶುರು ಮಾಡಿದ್ದು ಎಷ್ಟೋ ತಿಂಗಳ ನಂತರ.

2025ರ ಯುಗಾದಿಗೆ ನೆಂಟರ ಮನೆ. ಅದೇ ವಯಸ್ಸಿನ ಸೋದರಸಂಬಂಧಿ ಹುಡುಗ ಇಂಗ್ಲಿಷ್ ಪುಸ್ತಕದ ಒಂದು ಪುಟವನ್ನು ತಡವರಿಸದೆ ಓದಿದ, ಎಲ್ಲರೂ ಚಪ್ಪಾಳೆ ತಟ್ಟಿದರು. ಈ ಹುಡುಗಿಗೆ ಮೂರು ಸಾಲು ದಾಟಲಿಲ್ಲ. ಹುಡುಗನಿಗೆ ಅರ್ಥ ಗೊತ್ತಿತ್ತೇ ಎಂದು ಕೇಳಿ ಸಮಾಧಾನ ಮಾಡಿಕೊಳ್ಳುವ ಸುಲಭದ ದಾರಿ ಇತ್ತು. ತಾಯಿ ಕೇಳಿಯೂ ನೋಡಿದರಂತೆ, ಅವನಿಗೆ ಬಹುಪಾಲು ಗೊತ್ತಿತ್ತು. ಇದನ್ನು ಬೇಕೆಂದೇ ದಾಖಲಿಸುತ್ತಿದ್ದೇನೆ: ಸರ್ಕಾರಿ ಶಾಲೆಯ ಪರವಾಗಿ ಬರೆಯುವ ನಮ್ಮಂಥವರ ಕಥೆಗಳಲ್ಲಿ ಖಾಸಗಿ ಶಾಲೆಯ ಮಗು ಸದಾ ಗಿಣಿಪಾಠದವನಾಗಿಯೇ ಇರುತ್ತಾನೆ.

ವಾಪಸು ಬರುವಾಗ ತಂದೆ ಮಾತಾಡಲಿಲ್ಲ. ಮಾರನೆಯ ದಿನ ಖಾಸಗಿ ಶಾಲೆಯ ಅರ್ಜಿ ತಂದಿಟ್ಟರು. ತಾಯಿ ಮೂರು ವರ್ಷದ ಮಾತನ್ನು ನೆನಪಿಸಿದರು. ಅರ್ಜಿ ಟಿವಿಯ ಕೆಳಗಿನ ಗೂಡಿಗೆ ಹೋಯಿತು.

ಎರಡನೇ ವರ್ಷ

2025ರ ಜೂನ್‌ನಲ್ಲಿ ಸಂಖ್ಯೆ 62. ಅಷ್ಟರಲ್ಲಿ ತಾಯಿ ಎಸ್‌ಡಿಎಂಸಿಯ ಸದಸ್ಯೆ. ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಆ ಶಾಲೆಯಲ್ಲಿ ಅದುವರೆಗೆ ಸಹಿ ಹಾಕಿಸಿಕೊಳ್ಳಲು ಮುಖ್ಯ ಶಿಕ್ಷಕಿಯೇ ಮನೆ ಮನೆಗೆ ಪುಸ್ತಕ ಹೊತ್ತು ಹೋಗುತ್ತಿದ್ದರು. 61 ದಾಟಿದೆ, ಮೂರನೇ ಶಿಕ್ಷಕರ ಹುದ್ದೆ ಕೊಡಿ ಎಂದು ಸಮಿತಿ ಮೊದಲ ಸಭೆಯಲ್ಲೇ ಠರಾವು ಮಾಡಿತು. ಶಿಕ್ಷಕರ ಮುಂದಿನ ಮರುಹೊಂದಾಣಿಕೆಯಲ್ಲಿ ನೋಡೋಣ ಎಂಬ ಉತ್ತರ ಬಂತು.

ಜುಲೈನಲ್ಲಿ ನಲಿಕಲಿ ಶಿಕ್ಷಕಿ ಹೆರಿಗೆ ರಜೆಗೆ ಹೋದರು. ಕುಟುಂಬ ನೆಚ್ಚಿಕೊಂಡಿದ್ದು ಶಾಲೆಯನ್ನಲ್ಲ, ಈಕೆಯನ್ನು. ತೂಗುವಾಗ ಕೇಳಬೇಕಿದ್ದ ಒಂದು ಪ್ರಶ್ನೆಯನ್ನು ಕೇಳಲು ನನಗೂ ಹೊಳೆದಿರಲಿಲ್ಲ: ಇವರು ಇಲ್ಲದ ದಿನ ಏನಾಗುತ್ತದೆ? ಆದದ್ದು ಇಷ್ಟು: ಐದು ವಾರ 62 ಮಕ್ಕಳು ಒಬ್ಬರೇ ಶಿಕ್ಷಕಿಯ ಮುಂದೆ. ಆಕೆ ಕಚೇರಿಗೆ ಹೋಗಬೇಕಾದ ದಿನ ಬಿಸಿಯೂಟದ ಅಡುಗೆಯವರು ಬಾಗಿಲು ಕಾದರು.

ಇಲ್ಲಿ ತಾಯಿ ಮಾಡಿದ ಒಂದು ಕೆಲಸವನ್ನು ಬಿಡಿಸಿ ಹೇಳಬೇಕು. ಸಮಿತಿಯಲ್ಲಿ ಕೆಲವರಿಗೆ ಗೇಟಿಗೆ ಬೀಗ ಹಾಕಿ ಟಿವಿಯವರನ್ನು ಕರೆಯಬೇಕೆಂದಿತ್ತು. ತಾಯಿ ಪ್ರತಿದಿನ ಬೆಳಗ್ಗೆ ಹತ್ತೂವರೆಗೆ ಶಾಲೆಗೆ ಹೋಗಿ ಒಂದು ನೋಟ್‌ಬುಕ್‌ನಲ್ಲಿ ಮೂರು ಸಂಗತಿ ಬರೆಯತೊಡಗಿದರು: ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು, ಪಾಠ ನಡೆಯುತ್ತಿತ್ತೇ. ಎರಡು ವಾರದ ಆ ಪುಟಗಳ ನಕಲನ್ನು ಅರ್ಜಿಗೆ ಲಗತ್ತಿಸಿ, ಮುಖ್ಯ ಶಿಕ್ಷಕಿಯ ಮೇಲೆ ಒಂದು ದೂರಿನ ಮಾತೂ ಇಲ್ಲದೆ, ಕಚೇರಿಗೆ ಕೊಟ್ಟರು. ಮೂರನೇ ಭೇಟಿಯ ನಂತರ, ಆಗಸ್ಟ್ ಎರಡನೇ ವಾರ, ಒಬ್ಬ ಅತಿಥಿ ಶಿಕ್ಷಕಿ ಬಂದರು. ಬೀಗ ಹಾಕಿದ್ದರೆ ಬೇಗ ಬರುತ್ತಿದ್ದರೋ ಏನೋ. ಆದರೆ ಬೀಗ ಹಾಕಿಸಿಕೊಂಡ ಮುಖ್ಯ ಶಿಕ್ಷಕಿ ಆಮೇಲೆ ಯಾವ ಪೋಷಕರಿಗೂ ಹಾಜರಾತಿ ಪುಸ್ತಕ ತೋರಿಸುವುದಿಲ್ಲ. ಅದನ್ನು ಬೇರೆ ಎರಡು ಶಾಲೆಗಳಲ್ಲಿ ಕಂಡಿದ್ದೇನೆ.

ಹೊಸಬರಿಗೆ ನಲಿಕಲಿಯ ತರಬೇತಿ ಇರಲಿಲ್ಲ. ಮಕ್ಕಳನ್ನು ಸಾಲಾಗಿ ಕೂರಿಸಿ, ಬೋರ್ಡಿನ ಮೇಲೆ ಅ ಆ ಇ ಈ ಬರೆದು ನಕಲು ಮಾಡಿಸಿದರು. ಕೊಠಡಿ ನಿಶ್ಶಬ್ದವಾಯಿತು. ತಂದೆ ಒಂದು ದಿನ ನೋಡಿ “ಈಗ ಶಾಲೆಯಂತಿದೆ” ಎಂದರು, ಎಂದವರೇ ಒಂದು ಕ್ಷಣ ತಡೆದು ನಕ್ಕರು. ಮಗಳು ಬೇಸರದಿಂದ ಒಂದನೇ ತರಗತಿಯ ಪುಟ್ಟವರಿಗೆ ಕಾರ್ಡು ಹಂಚಿ ತಾನೇ ಪಾಠ ಮಾಡುತ್ತಿದ್ದಳಂತೆ.

ಸೆಪ್ಟೆಂಬರ್ 22ರಿಂದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಗಣತಿದಾರರು ಶಿಕ್ಷಕರೇ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು, ಅದರ ಬೆನ್ನಿಗೇ ದೀಪಾವಳಿ. ಖಾಸಗಿ ಶಾಲೆಯ ವ್ಯಾನುಗಳು ಬೆಳಗ್ಗೆ ಎಂಟಕ್ಕೆ ಹಾರನ್ ಹೊಡೆಯುತ್ತಿದ್ದವು, ಈ ಮನೆಯ ಮಗು ಬಾಗಿಲಲ್ಲಿ ನಿಂತು ನೋಡುತ್ತಿತ್ತು. ಹಿಂದಿನ ಬೀದಿಯವರು ಅದನ್ನು ತಡೆಯಲಾರದೆ ನವೆಂಬರ್‌ನಲ್ಲಿ ತಮ್ಮ ಇಬ್ಬರು ಮಕ್ಕಳನ್ನು ಬಿಡಿಸಿ ಖಾಸಗಿ ಶಾಲೆಗೆ ಸೇರಿಸಿದರು. ಅವರನ್ನು ನಾನು ಹಳಿಯುವುದಿಲ್ಲ. ಮಕ್ಕಳ ಎರಡು ತಿಂಗಳು ಯಾವ ತತ್ತ್ವಕ್ಕೂ ಕೊಡುವಷ್ಟು ಅಗ್ಗವಲ್ಲ. ಟಿವಿಯ ಕೆಳಗಿನ ಅರ್ಜಿಯೂ ಆ ವಾರ ಮೇಲೆ ಬಂದಿತ್ತು. ಅದನ್ನು ಮತ್ತೆ ಒಳಗಿಟ್ಟವರು ಈ ಸಲ ತಂದೆ. ಕಾರಣ ಕೇಳಿದ್ದಕ್ಕೆ, ಸಂಕ್ರಾಂತಿ ಕಳೆದ ಮೇಲೆ ಹಳೆಯ ಮಿಸ್ ಬರುತ್ತಾರಲ್ಲ ಎಂದರು. ಇಡೀ ನಿರ್ಧಾರ ಒಬ್ಬರ ರಜೆಯ ಮೇಲೆ ನಿಂತಿತ್ತು, ಅದನ್ನು ಅವರು ಮುಚ್ಚಿಡಲಿಲ್ಲ.

ಇದರಲ್ಲಿ ಇತರರಿಗೆ ಏನಿದೆ

ಈ ದಾರಿ ಹಿಡಿಯುವವರು ನನ್ನನ್ನು ಕೇಳಿದರೆ ಈಗ ಮೊದಲು ಹೇಳುವುದು ಗುಡಿಯ ಮುಂದಿನ ಹೂವಿನಾಕೆಯ ಬಗ್ಗೆ: ಮಕ್ಕಳನ್ನು ಅಲ್ಲಿಗೆ ಕಳಿಸುವವರನ್ನು ಹುಡುಕಿ ಕೇಳಿ. ಶಾಲೆ ಹೇಗಿದೆ ಎನ್ನಬೇಡಿ, ಯಾವ ಕೊಠಡಿಯಲ್ಲಿ ಯಾರು ಕಲಿಸುತ್ತಾರೆ, ಅವರಿಲ್ಲದ ದಿನ ಯಾರು ಎನ್ನಿ. ಶೌಚಾಲಯವನ್ನು ನೋಡಿ, ಆದರೆ ನೀರು ಬರುತ್ತದೆಯೇ ಎಂದು ನಲ್ಲಿ ತಿರುಗಿಸಿಯೇ ನೋಡಿ. ಒಂದು ಹಾಳೆ ಕಥೆ ಒಯ್ಯಿರಿ. ಇಂಗ್ಲಿಷಿನ ಪ್ರಶ್ನೆಗೆ ಶಾಲೆಯ ಭೇಟಿಯಿಂದ ಉತ್ತರ ಸಿಗುವುದಿಲ್ಲ, ಅದಕ್ಕೆ ಮನೆಯಲ್ಲಿ ಪ್ರತಿ ರಾತ್ರಿ ಅರ್ಧ ಗಂಟೆ ಕೊಡುವವರು ಇದ್ದಾರೆಯೇ ಎಂದು ಲೆಕ್ಕ ಹಾಕಿಕೊಳ್ಳಿ. ಔಷಧದ ಅಂಗಡಿಯಲ್ಲಿ ಪೂರ್ತಿ ದಿನದ ಕೆಲಸವಿದ್ದಿದ್ದರೆ ಈ ತಾಯಿಗೂ ಇದು ಆಗುತ್ತಿರಲಿಲ್ಲ, ಇದನ್ನು ಅವರೇ ಹೇಳುತ್ತಾರೆ.

ಇನ್ನೊಂದು ಸಂಗತಿ ನನಗೆ ತಡವಾಗಿ ಕಂಡಿತು. ತರಕಾರಿ ತೂಗುವವನು ತಕ್ಕಡಿಯ ಹೊರಗೆ ನಿಂತಿರುತ್ತಾನೆ. ಈ ಕುಟುಂಬಗಳು ಹಾಗಿರಲಿಲ್ಲ. ಅವರ ಮೂರು ಮಕ್ಕಳು ಬಂದದ್ದರಿಂದ ಶಾಲೆ 61 ದಾಟಿತ್ತು, ಇಬ್ಬರು ಹೋದದ್ದರಿಂದ ಹಾಜರಾತಿ ಪುಸ್ತಕದಲ್ಲಿ ಸರಿಯಾಗಿ 60 ಉಳಿಯಿತು. ಅರವತ್ತಕ್ಕೆ ಇಬ್ಬರು ಶಿಕ್ಷಕರು ಸಾಕು. ಜೂನ್‌ನಲ್ಲಿ ಮಾಡಿದ ಠರಾವಿಗೆ ಆಧಾರವೇ ಹೋಯಿತು.

ಡಿಸೆಂಬರ್‌ನ ಒಂದು ಭಾನುವಾರ ಬೆಳಗ್ಗೆ ಮುಖ್ಯ ಶಿಕ್ಷಕಿ, ತಾಯಿ, ನಾನು ಮೂವರೂ ಹೊಸ ಅಪಾರ್ಟ್‌ಮೆಂಟ್ ಏಳುತ್ತಿರುವ ಜಾಗದ ತಗಡಿನ ಶೆಡ್ಡುಗಳಿಗೆ ಹೋದೆವು. ಶಾಲೆಗೆ ಹೋಗದ ಮಕ್ಕಳು ಐದಾರು ಮಂದಿ ಇದ್ದರು. ಹೆಚ್ಚಿನವರು ತೀರಾ ಚಿಕ್ಕವರು, ಒಬ್ಬಳು ತಂಗಿಯನ್ನು ಎತ್ತಿಕೊಂಡವಳು, ಬಿಡಲು ಮನೆಯವರು ಒಪ್ಪಲಿಲ್ಲ. ಏಳು ವರ್ಷದ ಒಬ್ಬ ಹುಡುಗ ಸಿಕ್ಕಿದ, ರಾಯಚೂರಿನ ಕಡೆಯವನು. ಅವನ ತಂದೆ ಕೈಯ ಸಿಮೆಂಟ್ ಒರೆಸಿಕೊಳ್ಳುತ್ತ, ಕಳಿಸುತ್ತೇನೆ ಎಂದ. ಎಷ್ಟು ದಿನ ಇರುತ್ತೀರಿ ಎಂದು ಮುಖ್ಯ ಶಿಕ್ಷಕಿ ಕೇಳಿದರು. ಅವನು ಮೇಲೆ ನೋಡಿದ. ಕಬ್ಬಿಣದ ಸರಳುಗಳು ಬಿಸಿಲಿಗೆ ಚಾಚಿಕೊಂಡಿದ್ದವು.

“ನಾಲ್ಕನೇ ಮಹಡಿಯ ಛಾವಣಿ ಹಾಕುವ ತನಕ.”

ತಾಯಿ ನೋಟ್‌ಬುಕ್ ತೆಗೆದು ಹುಡುಗನ ಹೆಸರು ಬರೆದುಕೊಂಡರು. ಅದರ ಮುಂದೆ, ಸಣ್ಣದಾಗಿ, 61.